ಪಟಾಕಿ ಕೇಳಲು ವೆಲೆನ್ಸಿಯಾಕ್ಕೆ
ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಲ್ಲಿರುವ ನಮ್ಮ ಚಾಮರಾಜ ಪ್ರತಿ ಮಾರ್ಚ್‌ನಲ್ಲೂ ಸ್ಪೇನಿನ ವೆಲೆನ್ಸಿಯಾಕ್ಕೆ ಹೋಗುವುದು ಪಟಾಕಿಗೆ. ಅಲ್ಲಿ ಹಬ್ಬದ ದಿನಗಳಲ್ಲಿ ಮಟಮಟ ಮಧ್ಯಾಹ್ನ, ಬರೀ ಸದ್ದಿಗೋಸ್ಕರ, ಊರ ನಡುವಿನ ಚೌಕದಲ್ಲಿ ಪಟಾಕಿ ಸಿಡಿಸುತ್ತಾರೆ. ಆ ಸದ್ದಿಗೆ ಬೆದರಿದ ಮೋಡಗಳೆಲ್ಲ ಐರ್ಲೆಂಡಿಗೆ ಓಡಿಬರುವುದರಿಂದಲೇ ನಮಗೆ ಇಷ್ಟು ಮಳೆ ಎನ್ನುವುದು ಅವನ ಸಂಶೋಧನೆ. ವಾಪಸು ಬಂದವನು ಜೂನ್‌ವರೆಗೂ ಸ್ಪೇನಿನವನೇ: ಕೊರಳಲ್ಲಿ ಚೌಕಳಿ ವಸ್ತ್ರ, ಮಧ್ಯಾಹ್ನ ಗಡದ್ದು ನಿದ್ದೆ, ಹೆಂಡತಿ ನೀರಜಾ ಮಾಡಿದ ಚಿತ್ರಾನ್ನಕ್ಕೂ ಅಲ್ಲಿಯ ಅನ್ನದ ಹೆಸರೇ, ಪಾಯೆಯಾ. ಯಾರು ಏನೇ ಹೇಳಲಿ, ಐರ್ಲೆಂಡಿನವರ ಹಾಗೆ "ಗ್ರ್ಯಾಂಡ್, ಗ್ರ್ಯಾಂಡ್!" ಅನ್ನುತ್ತಾನೆ, ನನಗೆ ಮಂಡಿ ಆಪರೇಷನ್ ಅಂದಾಗಲೂ ಬೆನ್ನು ತಟ್ಟಿ ಅದನ್ನೇ ಅಂದ. ಈ ಸಲ ಗಂಡ ಹೆಂಡತಿಯ ಜೊತೆಗೆ ನಾನೂ ಹೋದೆ. ಚೌಕದಲ್ಲಿ ಕಾಯುವಾಗ ನೀರಜಾ ಮೆಲ್ಲಗೆ, "ಇವ್ರಿಗೆ ಕಿವಿ ಕೇಳಿಸೋದು ಕಮ್ಮಿಯಾಗಿದೆ ಅಂಕಲ್. ಮೆಷಿನ್ ಹಾಕ್ಕೊಳ್ಳಿ ಅಂದ್ರೆ, ನಾಲ್ಕು ಜನಕ್ಕೆ ಗೊತ್ತಾಗತ್ತೆ ಅಂತ ಒಪ್ಪಲ್ಲ" ಅಂದಳು. ಅಷ್ಟರಲ್ಲಿ ಪಟಾಕಿ ಶುರುವಾಯಿತು. ನೆಲ ನಡುಗಿತು, ನನ್ನ ಕಟ್ಟಿಸಿದ ಹಲ್ಲುಗಳು ಸಾಲಾಗಿ ಕುಣಿದವು, ಇಡೀ ಊರು ಒಬ್ಬರಿಗೊಬ್ಬರು ಏನು, ಏನು ಎಂದು ಕೈಸನ್ನೆ ಮಾಡತೊಡಗಿತು. ಆ ಸಾವಿರಾರು ಜನರ ನಡುವೆ ಚಾಮರಾಜ ನನ್ನ ಭುಜ ಹಿಡಿದು, ಮುಖವೆಲ್ಲ ನಗುವಾಗಿ, ಪಟಾಕಿಯನ್ನೂ ಮೀರಿಸಿ ಕೂಗಿದ: "ಅಂಕಲ್, ನಂಗೇನೂ ಕೇಳಿಸ್ತಿಲ್ಲ!"