ಎಡಗೈಯ ಊರು

ನನ್ನ ಸೋದರತ್ತೆಗೆ ಕತೆ ಬರುತ್ತಿತ್ತು, ನನಗೆ ಚಿತ್ರ ಬರುತ್ತಿತ್ತು. ಇಬ್ಬರಿಗೂ ಹೊಳೆನರಸೀಪುರದ ಆಚೆ ಯಾರೂ ಗೊತ್ತಿರಲಿಲ್ಲ. ನಮ್ಮಂಥವರಿಗೆಂದೇ ಚನ್ನರಾಯಪಟ್ಟಣದಿಂದ ಒಬ್ಬ ಮೇಷ್ಟ್ರು ಬರುತ್ತಿದ್ದರು. ಪೆನ್ಶನ್ ಆದ ಮೇಲೆ ಅವರಿಗೆ ಇದೇ ಹುಚ್ಚು: ಒಂದು ಮನೆಯಲ್ಲಿ ಮಕ್ಕಳ ಕತೆ ಹುಡುಕಿ, ಇನ್ನೊಂದು ಮನೆಯಲ್ಲಿ ಅದಕ್ಕೆ ಚಿತ್ರ ಹುಡುಕಿ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹಾಸನದ ಅಚ್ಚುಕೂಟಕ್ಕೆ ಹೋಗಿ ವಾದ ಮಾಡುವುದು. ಕತೆಗೂ ಚಿತ್ರಕ್ಕೂ ಜಾತಕ ಕೂಡಿಸುವ ಮೇಷ್ಟ್ರು ಎಂದು ನಮ್ಮ ತಂದೆ ಗೇಲಿ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾಗಿ ಕಾಗದ ಸಿಗದಂತಾಗುವುದಕ್ಕೆ ಮುಂಚಿನ ಮಾತು.

ಅತ್ತೆಯ ಕತೆಯಲ್ಲಿ ಒಬ್ಬ ಅಜ್ಜಿ ಹೊಳೆಯ ದಂಡೆಯಲ್ಲಿ ಕೂತು ಊರ ಮಕ್ಕಳಿಗೆಲ್ಲ ಕೈತುತ್ತು ಹಾಕುತ್ತಾಳೆ. ಗಡಿಗೆಯ ಮೊಸರನ್ನ ಮುಗಿಯುವುದೇ ಇಲ್ಲ. ನಾನು ಅದರ ಚಿತ್ರಗಳನ್ನು ಅಟ್ಟದ ಮೇಲೆ ಕದ್ದು ಕೂತು ಬರೆದೆ. ಏಕೆಂದರೆ ನಾನು ಎಡಚಿ. ಎಡಗೈ ಮುಂದೆ ಬಂದರೆ ಅತ್ತೆಯ ಸೌಟಿನ ಹಿಡಿ ಗೆಣ್ಣಿನ ಮೇಲೆ ಬೀಳುತ್ತಿತ್ತು. ಬಲಗೈಯಲ್ಲಿ ಬರೆದರೋ, ಅಜ್ಜಿ ಕುಂಬಳಕಾಯಿಯ ಹಾಗಾಗುತ್ತಿದ್ದಳು. ಅಟ್ಟದ ಕಿಂಡಿಯಿಂದ ಹೇಮಾವತಿ ಕಾಣುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ದಂಡೆಯ ಮನೆಗಳು, ಮರಗಳು, ಬಟ್ಟೆ ಒಗೆಯುವವರು ಎಲ್ಲ ನೀರೊಳಗೆ ಮೆಲ್ಲಗೆ ತೂಗುತ್ತಿದ್ದರೆ, ಯಾವುದು ಊರು ಯಾವುದು ನೆರಳು ಎಂಬುದು ಮರೆತು ಕೈ ತಾನಾಗಿ ಓಡುತ್ತಿತ್ತು.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಅಚ್ಚಿನ ಹಾಳೆಗಳನ್ನು ತಂದು ಜಗಲಿಯ ಮೇಲೆ ಹರಡಿದರು. ಮುಖ ಸಪ್ಪಗಿತ್ತು. ಚಿತ್ರಗಳ ಮರದಚ್ಚು ಮಾಡಿಸಲು ಅರಕಲಗೂಡಿನಲ್ಲಿ ಬಾಗಿಲು ಕೆತ್ತುವ ಆಚಾರಿಯನ್ನು ಹಿಡಿದಿದ್ದರಂತೆ. ಅಚ್ಚಿಗೆ ತಿರುಗಿಸಿ ಕೆತ್ತಬೇಕೆಂದು ತಿಳಿಯದೆ ಆತ ಚಿತ್ರ ಹೇಗಿತ್ತೋ ಹಾಗೇ ಕೆತ್ತಿದ್ದ. ಅಚ್ಚು ಒತ್ತಿದಾಗ ಎಡಬಲ ಅದಲುಬದಲಾಗಿತ್ತು. ಕೇಳಿದ್ದಕ್ಕೆ, "ಕಂಡಂಗೆ ಕೆತ್ತಿವ್ನಿ ಸಾ, ಒಂದ್ ಗೆರೆನೂ ತಪ್ಪಿಲ್ಲ" ಅಂದನಂತೆ.

ಅತ್ತೆ ನೋಡಿ ಬೆಚ್ಚಿದರು. "ಅಯ್ಯೋ ರಾಮ! ಎಡಗೈಯಲ್ಲಿ ತುತ್ತು ಹಾಕೋದುಂಟೇ ಮೇಷ್ಟ್ರೇ? ಮಕ್ಕಳು ನೆಕ್ಕೋದೂ ಎಡಗೈಯೇ! ಚಿತ್ರ ತೆಗೆಸಿಬಿಡಿ, ಬರೀ ಕತೆ ಸಾಕು."



"ಹೊಸದಾಗಿ ಕೆತ್ತಿಸೋವರೆಗೂ ಅಚ್ಚುಕೂಟದವರು ಕಾಯೋಲ್ಲ, ತಾಯಿ. ಇದ್ದರೆ ಇವೇ, ಇಲ್ಲದಿದ್ದರೆ ಚಿತ್ರವೇ ಇಲ್ಲ" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. "ನಾನು ಇಬ್ಬರ ಪರವಾಗಿಯೂ ಮಾತಾಡಬೇಕಾದವನು. ನೀನೇನಂತೀಯಮ್ಮ?"

ನಾನು ಹಾಳೆಯಲ್ಲೇ ಮುಳುಗಿದ್ದೆ. ಅಲ್ಲಿ ಅಜ್ಜಿ ಎಡಚಿ, ಮಕ್ಕಳೆಲ್ಲ ಎಡಚರು. ಯಾರೂ ಯಾರನ್ನೂ ಗದರುತ್ತಿರಲಿಲ್ಲ. ಹೇಳಲಾರದಷ್ಟು ಸಂತೋಷವಾಯಿತು. "ಇವರೆಲ್ಲ ನನ್ನ ಹಾಗೇ ಇದ್ದಾರೆ" ಎಂದು ಮೈಮರೆತು ಅಜ್ಜಿಯ ಕೈಯನ್ನು ಮುಟ್ಟಿ ತೋರಿಸಿದೆ. ತೋರಿಸಿದ್ದು ಎಡಗೈ. ಬೆಳಿಗ್ಗೆ ಬರೆದ ಚಿತ್ರದ ಮಸಿ ಮೂರು ಬೆರಳಿಗೂ ಮೆತ್ತಿತ್ತು.

ಅತ್ತೆ ಆ ಬೆರಳುಗಳನ್ನೇ ನೋಡಿದರು. ತಮ್ಮ ಕತೆಯ ಚಿತ್ರಗಳೆಲ್ಲ ಯಾವ ಕೈಯಿಂದ ಬಂದವೆಂದು ಆಗ ಅವರಿಗೆ ತಿಳಿಯಿತು. "ಇದು ಹೊಳೆಯೊಳಗೆ ಕಾಣೋ ಊರಿನ ಕತೆ ಅಂತ ಮೊದಲಲ್ಲಿ ಒಂದು ಸಾಲು ಸೇರಿಸಿ, ಮೇಷ್ಟ್ರೇ. ಚಿತ್ರ ಇರಲಿ" ಎಂದರು. ಅವರ ಮನಸ್ಸು ಬದಲಾಗುವ ಮುಂಚೆ ಮೇಷ್ಟ್ರು ಹಾಳೆ ಮಡಿಚಿಕೊಂಡು ಹಾಸನದ ಬಸ್ಸಿಗೆ ಓಡಿದರು.

ಈಗಲೂ ಕಣ್ಣು ಮುಚ್ಚಿದರೆ ಆ ಊರು ನೀರಿನಲ್ಲಿ ತೂಗುತ್ತದೆ.

ಅವತ್ತು ಮೇಷ್ಟ್ರು ಹೋದ ಮೇಲೆ ಅತ್ತೆ ನನ್ನನ್ನು ಬಚ್ಚಲಿಗೆ ಕರೆದರು. "ಕೈ ತಾ ಇಲ್ಲಿ." ನಾನು ಹೆದರಿ ಬಲಗೈ ಚಾಚಿದೆ.

"ಅದಲ್ಲ ಕಣೇ" ಎಂದು ಎಡಗೈ ಹಿಡಿದುಕೊಂಡು, ಹುಣಸೆಹಣ್ಣು ಹಚ್ಚಿ, ತಾವೇ ಹೊಡೆದ ಗೆಣ್ಣುಗಳನ್ನು ಒಂದೊಂದಾಗಿ ತಿಕ್ಕಿ ತೊಳೆದರು.