ಬಸ್ಸಿನಲ್ಲಿ ಹೋಗಿ ಬೀಸಿಸಿದ ಜೋಳ

ನಮ್ಮ ಮನೆಯಿಂದ ಹಿಟ್ಟಿನ ಗಿರಣಿ ಕೂಗಳತೆ ದೂರದಲ್ಲಿದೆ. ಆದರೂ ಕಳೆದ ವರ್ಷದ ಬಹುಪಾಲು ನಾನು ಜೋಳದ ಚೀಲವನ್ನು ಬಸ್ಸಿಗೆ ಹಾಕಿಕೊಂಡು ಕಲಬುರಗಿಯಿಂದ ಕಮಲಾಪುರಕ್ಕೆ ಒಯ್ದು ಬೀಸಿಸಿಕೊಂಡು ಬಂದೆ. ಕೇಳಿದವರು ನನಗೆ ತಲೆ ಕೆಟ್ಟಿದೆ ಅನ್ನಬೇಕು. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಕಾರಣ ಇಷ್ಟೇ. ಮದುವೆಯಾಗದೆ ಉಳಿದ ಅಕ್ಕ-ತಂಗಿ ನಾವು, ಕಲಬುರಗಿಯ ಕೋಟನೂರಿನ ಕಡೆ ಒಂದೇ ಮನೆಯಲ್ಲಿ ಬಾಳಿದವರು. ನಾನು ಕಮಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ; ಅಡುಗೆ, ಗಿರಣಿ ಎಲ್ಲ ಅಕ್ಕನದು. ಗಿರಣಿಯವನಿಗೂ ಅವಳು ಬುದ್ಧಿ ಹೇಳುತ್ತಿದ್ದಳು. ಯಾರದೋ ಕಡಲೆಬೇಳೆ ಬೀಸಿದ ಕಲ್ಲಿಗೆ ನಮ್ಮ ಜೋಳ ಸುರಿಯಗೊಡುತ್ತಿರಲಿಲ್ಲ. ಮೊದಲು ಒಂದು ಹಿಡಿ ಹಾಕಿಸಿ ಕಲ್ಲಿನ ಬಾಯಿ ತೊಳೆಸಿ, ಆ ಹಿಟ್ಟನ್ನು ಅವನ ದನಕ್ಕೆ ಬಿಟ್ಟು ಬರುತ್ತಿದ್ದಳು. ಚಳಿಗಾಲದಲ್ಲಿ ಜ್ವರ ಬಂದು ಮಲಗಿದವಳು ಏಳಲೇ ಇಲ್ಲ. ಆಮೇಲೆ ನಾನು ಚೀಲ ಹಿಡಿದು ಓಣಿಯ ಗಿರಣಿಗೆ ಹೋದರೆ, ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿ ದನಿ ತಗ್ಗಿಸಿದರು. ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ. ಕಮಲಾಪುರದ ಗಿರಣಿಯಲ್ಲಿ ಅಕ್ಕನನ್ನು ಕಂಡವರು ಯಾರೂ ಇರಲಿಲ್ಲ.

ಅಲ್ಲಿ ಬೆಳಿಗ್ಗೆ ಚೀಲ ಇಟ್ಟು, ಸಂಜೆ ಹಿಟ್ಟು ಎತ್ತಿಕೊಂಡು ಬಸ್ ಹತ್ತುತ್ತಿದ್ದೆ. ನಮ್ಮ ಊರಿನ ಅಂಚಿನ ಕಪನೂರ ಬರುವವರೆಗೂ ಚೀಲ ತೊಡೆಯ ಮೇಲೆ ಬೆಚ್ಚಗಿರುತ್ತಿತ್ತು. ಇಡೀ ದಿನದಲ್ಲಿ ನನಗೆ ತಾಕಿದ ಬೆಚ್ಚನೆಯದು ಅದೊಂದೇ ಎಂದು ಒಮ್ಮೆ ಅನ್ನಿಸಿ, ಕಿಟಕಿಯ ಕಡೆ ತಿರುಗಿ ಅತ್ತಿದ್ದೇನೆ.

ಜೋಳದ ಅಳತೆ ಮಾತ್ರ ಅಕ್ಕನ ಕಾಲದ್ದೇ. ಬಂದುಹೋಗುವವರಿಗೆಲ್ಲ ರೊಟ್ಟಿ ಬಡಿದು ಹಾಕಿದ ಕೈ ಅವಳದು. ಕಡಿಮೆ ಒಯ್ದರೆ ಗಿರಣಿಯಲ್ಲಿ "ಇಷ್ಟ ಏನ್ರಿ?" ಅನ್ನುತ್ತಾರೆ, ಅದರ ಬೆನ್ನಿಗೇ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬ ಮಾತು ಬರುತ್ತದೆ. ಹಾಗಾಗಿ ಹಿಟ್ಟು ಡಬ್ಬಿಯಲ್ಲಿ ಕೂತು ಕೂತು ಹಳತಾಗಿ ಜಿಗಿ ಕಳೆದುಕೊಂಡಿತು. ರೊಟ್ಟಿ ಬಡಿದರೆ ಅಂಚೆಲ್ಲ ಬಿರುಕು, ಎತ್ತಿದರೆ ಎರಡು ತುಂಡು. ಹಳೆಯ ಹಿಟ್ಟು ಅಂಟುವುದಿಲ್ಲವೆಂದು ಗೊತ್ತಿಲ್ಲದವಳೇನಲ್ಲ ನಾನು. ಆದರೂ ಸಿಟ್ಟೆಲ್ಲ ಗಿರಣಿಯವನ ಮೇಲೆ.

ಒಂದು ಶನಿವಾರ ಹೋಗಿ ಜಗಳ ತೆಗೆದೆ. "ನಿಮ್ಮ ಕಲ್ಲು ಸವದಾವ. ಹಿಟ್ಟಿಗೆ ಜಿಗಿನೇ ಇಲ್ಲ!"

"ಬ್ಯಾರೆ ಯಾರೂ ಹಂಗ ಅಂದಿಲ್ರಿ ಅಕ್ಕಾರ," ಎಂದ ಗಿರಣಿಯವನು. "ಆ ಹಿಟ್ಟು ಯಾವಾಗ ಬೀಸಿದ್ದರಿ?"

"ಹೋದ ತಿಂಗಳ."

ಸಾಲಿನಲ್ಲಿದ್ದ ಹೆಂಗಸೊಬ್ಬಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. "ತಿಂಗಳಗಟ್ಲೆ ಇಟ್ರ ಜಿಗಿ ಎಲ್ಲಿಂದ ಬರಬೇಕ್ರಿ? ಮನ್ಯಾಗ ಎಷ್ಟ ಮಂದಿ ಅದೀರಿ?"

ಗಿರಣಿ ಗಡಗಡ ಓಡುತ್ತಿತ್ತು. ಆ ಸದ್ದಿನ ಧೈರ್ಯದ ಮೇಲೆ ಹೇಳಿಬಿಟ್ಟೆ. ಅವಳು ಕಿವಿಗೆ ಕೈ ಹಚ್ಚಿ "ಕೇಳಿಸ್ಲಿಲ್ರಿ" ಅಂದಳು. ಗಿರಣಿಯವನು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಗುಂಡಿ ಒತ್ತಿ ಗಿರಣಿ ನಿಲ್ಲಿಸಿದ. ಬೆಲ್ಟು ಎರಡು ಸುತ್ತು ತಿರುಗಿ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾ ಒಬ್ಬಾಕಿನೇ ರೀ," ಅಂದೆ. "ಅಕ್ಕ ಇದ್ಲು. ಈಗ ಇಲ್ಲ."

ಅಕ್ಕ ಹೋದ ಮೇಲೆ ಈ ಮಾತನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ. ಅಲ್ಲಿಯವರೆಗೆ ಅದು ನನಗೂ ಕೇಳಿಸಿರಲಿಲ್ಲ.