ಮೇಲಕ್ಕೆ ಹೋದ ಬೆಲ್ಟ್

ಯಾರಾದರೂ ದೆವ್ವ, ಚೌಡಿ ಎಂದು ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಹತ್ತು ವರ್ಷ ಕಲಿತವಳು. ‘ನಾನ್‌ಸೆನ್ಸ್’ ಎಂಬ ಶಬ್ದ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆ ಎನ್ನಲಾರೆ. ಎದ್ದು ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಯಜಮಾನರದು ಕುಮಟೆಯಲ್ಲಿ ಕನ್ವೇಯರ್ ಬೆಲ್ಟ್ ಜೋಡಿಸುವ ಕೆಲಸ. ಜಲ್ಲಿ ಕ್ರಷರುಗಳಲ್ಲಿ ಕಲ್ಲನ್ನು ಮೇಲಕ್ಕೆ ಒಯ್ಯುವ ಅಗಲವಾದ ರಬ್ಬರ್ ಪಟ್ಟಿಯನ್ನು ನೀವು ನೋಡಿರುತ್ತೀರಿ. ಅದು ಹರಿದರೆ ಎರಡೂ ತುದಿಗಳನ್ನು ಮೆಟ್ಟಿಲಿನ ಹಾಗೆ ಪದರ ಪದರವಾಗಿ ಕೊಯ್ದು, ಸೊಲ್ಯೂಷನ್ ಹಚ್ಚಿ, ಒಂದರ ಮೇಲೊಂದು ಕೂರಿಸಿ ಬಡಿಯಬೇಕು. ಯಜಮಾನರಿಗೆ ಒಂದು ರೂಲ್ ಇತ್ತು. ಬೆಲ್ಟಿಗೆ ಕೈಹಾಕುವ ಮೊದಲು ಮೋಟಾರಿನ ಮೂರೂ ಫ್ಯೂಸ್ ಕಿತ್ತು, ಅಲ್ಲಿ ಏನೂ ಕೆಲಸವಿಲ್ಲದವರ ವಶಕ್ಕೆ ಕೊಡಬೇಕು. ಕೆಲಸವಿದ್ದವನು ಗಡಿಬಿಡಿಯಲ್ಲಿ ಮರಳಿ ಹಾಕಿಬಿಡುತ್ತಾನೆ ಎನ್ನುವುದು ಅವರ ವಾದ. ಕೆಲಸವಿಲ್ಲದವಳು ಎಂದರೆ ನಾನು! ಹೊನ್ನಾವರ, ಭಟ್ಕಳದ ಕ್ರಷರುಗಳಲ್ಲೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆ ಪಿಂಗಾಣಿ ಫ್ಯೂಸ್‌ಗಳನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಕ್ರೋಷೆ ಹಾಕಿದ್ದೇನೋ. ಹೌ ಐ ಮಿಸ್ ದೋಸ್ ಡೇಸ್.

ಅವರು ತೀರಿಕೊಂಡ ಮೇಲೆ ಕೆಲಸ ನಡೆಸಿದವನು ಅವರ ಕೈಕೆಳಗೇ ಕಲಿತ ಮಂಜುನಾಥ. ಮಾವಳ್ಳಿಯ ಮೀನುಗಾರರ ಮನೆಯವನು, ಎರಡು ಮಕ್ಕಳ ತಂದೆ. ಬಲೆ ಹೆಣೆದು ಪಳಗಿದ ಆ ಬೆರಳುಗಳು ಹಾಕಿದ ಜಾಯಿಂಟ್ ಮುಟ್ಟಿ ನೋಡಿದರೂ ಗೊತ್ತಾಗುತ್ತಿರಲಿಲ್ಲ. ಅವನೂ ರೂಲ್ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ.

ಹೈವೇ ಅಗಲ ಮಾಡುತ್ತಿದ್ದ ಕಾಲ. ಹೊನ್ನಾವರದ ಒಳಭಾಗದ ಒಂದು ಹಳೇ ಕ್ರಷರಿಗೆ ಹೋಗಿದ್ದೆವು. ಬೆಳಿಗ್ಗೆ ಶುರುವಾದ ಜಾಯಿಂಟ್ ಮುಗಿಯುವಾಗ ಮಧ್ಯಾಹ್ನ ಮೂರು ಗಂಟೆ. ಕ್ರಷರಿನ ಆಪರೇಟರ್ ನನ್ನ ಪಕ್ಕ ಬಂದು, “ಅಮ್ಮಾ, ನೀವು ಚಾ ಕುಡ್ದು ಬನ್ನಿ. ಫ್ಯೂಸ್ ನಾ ಕಾಯ್ತೆ” ಎಂದ.

ಮಂಜುನಾಥ ಅಲ್ಲಿಂದಲೇ ಕೂಗಿದ: “ನಿನ್ ಕೈಲಿ ಕೊಟ್ರೆ ನನ್ ಹೆಂಡ್ತಿ ನಾಳೆ ಬೇರೆ ಗಂಡನ್ನ ಹುಡುಕ್ಬೇಕು ಮಾರಾಯ!”

ಮೂವರೂ ನಕ್ಕೆವು. ಬೆಲ್ಟಿನ ಬುಡದಲ್ಲಿ ಹಾಕಿದ ಜಾಯಿಂಟಿನ ಮೇಲೆ ಬಿಳಿ ಪೌಡರ್ ಬಳಿದು, ಬೆಲ್ಟನ್ನು ಹಿಡಿದಿದ್ದ ಕ್ಲ್ಯಾಂಪ್ ಬಿಚ್ಚಿ ಆಗಿತ್ತು. ಬೆಲ್ಟ್ ಸುತ್ತಿಕೊಂಡು ತಿರುಗುವ ಕೆಳಗಿನ ಡ್ರಮ್ಮಿಗೆ ಅಂಟಿದ ಕೆಸರು ಕೆರೆಯುವುದೊಂದು ಬಾಕಿ. ಕೈ ಹಾಕುವ ಮೊದಲು ಅವನು ಯಾವತ್ತಿನಂತೆ ಕೇಳಿದ, “ಅಮ್ಮಾ, ಮೂರೂ ಅವೆ ಅಲಾ?”

ನಾನು ಮಡಿಲನ್ನು ನೋಡಿದೆ. ನೋಡಿಯೇ, “ಇದೆ, ಮೂರೂ ಇದೆ” ಎಂದೆ.

ಆಮೇಲೆ ಬೆಲ್ಟ್ ಚಲಿಸಿತು. ಮೋಟಾರಿನ ಸದ್ದಿಲ್ಲ. ಬರೀ ರೋಲರುಗಳು ತಿರುಗುವ ಕಿರುಗುಟ್ಟುವಿಕೆ. ಮಂಜುನಾಥನ ಕೈ ಡ್ರಮ್ಮಿಗೂ ಬೆಲ್ಟಿಗೂ ನಡುವೆ ಹೋಯಿತು. “ಅಮ್ಮಾ, ಬಂದ್ ಮಾಡಿ! ಬಂದ್ ಮಾಡಿ!” ಎಂದು ಕಿರುಚಿದ.

ಏನನ್ನು ಬಂದ್ ಮಾಡಲಿ? ಮೇನ್ ಸ್ವಿಚ್ ಬೆಳಿಗ್ಗೆಯೇ ಬಂದ್ ಆಗಿತ್ತು. ಫ್ಯೂಸ್ ನನ್ನ ಕೈಯಲ್ಲಿ. ಆಪರೇಟರ್ ಓಡಿಹೋಗಿ ಕೆಂಪು ಬಟನ್ ಒತ್ತಿದ, ಮತ್ತೆ ಮತ್ತೆ ಒತ್ತಿದ. ನಾನು ಮೂರೂ ಫ್ಯೂಸ್‌ಗಳನ್ನು ಎತ್ತಿ ಹಿಡಿದು, ನೋಡು, ಇಲ್ಲಿವೆ ಎನ್ನುವ ಹಾಗೆ ಮಂಜುನಾಥನಿಗೇ ತೋರಿಸುತ್ತ ನಿಂತೆ. ಎಂಥ ಮೂರ್ಖಳು! ಆದರೆ ಮಾಡುವಂಥದ್ದು ಬೇರೇನೂ ಅಲ್ಲಿರಲಿಲ್ಲ. ಬೆಲ್ಟ್ ತಾನಾಗಿಯೇ ನಿಂತಾಗ ನಿಂತಿತು.

ಕೈ ಬಿಡಿಸಿ ಅವನನ್ನು ಆಸ್ಪತ್ರೆಗೆ ಒಯ್ದೆವು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಮರುದಿನ ಒಬ್ಬ ಎಂಜಿನಿಯರ್ ಬಂದು ನೋಡಿದರು. ಕಲ್ಲಿನ ಭಾರವಿದ್ದ ಬೆಲ್ಟ್ ಜಾರಿ ಕೆಳಕ್ಕೆ ಬರುವುದುಂಟು ಎಂದರು. ನಮ್ಮದು ಖಾಲಿ ಬೆಲ್ಟ್. ಅದೂ ಮೇಲಕ್ಕೆ ಹೋಗಿತ್ತು. ಬುಡದಲ್ಲಿದ್ದ ಬಿಳಿ ಪೌಡರಿನ ಜಾಯಿಂಟ್ ಮೇಲ್ತುದಿಯ ಹತ್ತಿರ ನಿಂತಿದ್ದನ್ನು ಅವರೇ ಕಣ್ಣಾರೆ ಕಂಡರು. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಆರ್ ಯು ಶೂರ್? ಕಣ್ಣು ಹತ್ತಿರಲಿಲ್ಲವಷ್ಟೆ?” ಎಂದು ಮೆಲ್ಲಗೆ ಕೇಳಿದರು. ಕ್ರಷರಿನ ಮಾಲೀಕರಿಗೆ ಅಷ್ಟೇ ಸಾಕಾಯಿತು. ಮುದುಕಿ ತೂಕಡಿಸಿದ್ದಾಳೆ, ಯಾರೋ ಮಡಿಲಿನ ಫ್ಯೂಸ್ ಎತ್ತಿ ಮೋಟಾರಿಗೆ ಹಾಕಿ, ಮತ್ತೆ ತಂದಿಟ್ಟಿದ್ದಾರೆ ಎಂದು ಊರೆಲ್ಲ ಆಯಿತು. ಪಕ್ಕದಲ್ಲೇ ಇದ್ದ ಆಪರೇಟರ್ ಕೆಲಸ ಬಿಟ್ಟು ಹೋಗಿದ್ದ. ನನ್ನ ಪರವಾಗಿ ಹೇಳುವವರು ಯಾರೂ ಇರಲಿಲ್ಲ.

ಮಂಜುನಾಥ ಈಗ ತೆಂಗಿನಗುಂಡಿಯಲ್ಲಿ ಮೀನಿನ ವ್ಯಾಪಾರಕ್ಕೆ ಕೂರುತ್ತಾನೆ. ಬೆಲ್ಟಿನ ಕೆಲಸ ಅವನಿಂದಾಗದು. ಕುಮಟೆಗೆ ಬಂದಾಗಲೆಲ್ಲ ಮನೆಗೆ ಬಂದು, “ಹೆಂಗಿದ್ರಿ ಅಮ್ಮಾ?” ಎಂದು ಚಾ ಕುಡಿದು, ಬೋಟು, ಮಕ್ಕಳ ಶಾಲೆ ಎಂದು ಮಾತಾಡಿ ಹೋಗುತ್ತಾನೆ. ಆ ದಿನದ ಬಗ್ಗೆ ಮಾತ್ರ ಒಂದು ಸಲವೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನ್ನ ಮಾತನ್ನು ನಂಬಿದ್ದಕ್ಕೆ ಕೇಳುವುದಿಲ್ಲವೋ, ನಂಬದೇ ಇರುವುದಕ್ಕೋ, ಅದೂ ನನಗೆ ಗೊತ್ತಿಲ್ಲ.